ಆನೆ ನಡೆದದ್ದೇ ದಾರಿ

"ಮೈಸೂರಲ್ಲಿ ಕಾಲ್ನಡಿಗೇಲಿ ಓಡಾಡೋರ ಪೈಕಿ ವರ್ಷಾ ವರ್ಷಾ ತಪ್ಪದೆ ಸರ್ಕಾರದ ದುಡ್ಡು ಸಿಗೋದು ಆನೆಗೆ ಮಾತ್ರ ಕಣ್ರೀ ಟೀಚರ್" ಅಂದರು ಅಕ್ಕ, ಕಾಂಪೌಂಡಿನ ಆಚೆಯಿಂದ.

ನಾನು ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದೆ. ಅಕ್ಕನ ಮಾತು ಹೀಗೆ ನಡುವಿನಿಂದ ಶುರುವಾಯಿತೆಂದರೆ ಅದರ ಹಿಂದೆ ಏನೋ ಸಮಾಚಾರ ಇದೆ ಎಂದೇ ಲೆಕ್ಕ. ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಗೋಡೆಯ ಹತ್ತಿರ ಹೋದೆ.

"ಆನೆಗೆ ಏನು ದುಡ್ಡಕ್ಕಾ?"

"ಮತ್ತೆ? ದಸರಾ ಹತ್ತಿರ ಬಂತು ಅಂದ್ರೆ ಅರಮನೆಯಿಂದ ಬನ್ನಿಮಂಟಪದವರೆಗೆ ಆ 5 ಕಿಲೋಮೀಟರ್ ದಾರಿ ನೋಡಿದೀರಲ್ಲ. ಗುಂಡಿ ಮುಚ್ಚೋದೇನು, ಡಾಂಬರು ಹಾಕೋದೇನು, ಅಡ್ಡ ಬರೋ ಕೊಂಬೆ ಕಡಿಯೋದೇನು! 750 ಕೆಜಿ ಅಂಬಾರಿ ಹೊತ್ಕೊಂಡು ಬರೋ ಆನೆ ಎಲ್ಲೂ ಎಡವಬಾರದು. ಅದಕ್ಕೆ ಮೊದಲು ತಾಲೀಮು ಬೇರೆ, ಬೆನ್ನ ಮೇಲೆ ಮರಳು ಮೂಟೆ ಹೇರಿ. ದಾರಿ ಸರಿ ಇದೆಯಾ ಅಂತ ನಡೆಯೋರನ್ನೇ ನಡೆಸಿ ನೋಡೋದು ಈ ಊರಲ್ಲಿ ಆನೆ ವಿಷಯದಲ್ಲಿ ಮಾತ್ರ. ನನಗೆ ಯಾರಾದ್ರೂ ತರಕಾರಿ ಚೀಲ ಹೊರಿಸಿ ತಾಲೀಮು ಮಾಡಿಸಿದಾರಾ?"

"ಆನೆಗಳೂ ಈಗೇನು ಕಾಡಿಂದ ನಡ್ಕೊಂಡು ಬರೋದಿಲ್ಲ ಬಿಡಿ" ಅಂದೆ. "ವೀರನಹೊಸಹಳ್ಳೀಲಿ ಪೂಜೆ ಮಾಡಿ, ಗಜಪಯಣ ಅಂತ ನಾಲ್ಕು ಹೆಜ್ಜೆ ಹಾಕಿಸಿ, ಆಮೇಲೆ ಲಾರಿ ಹತ್ತಿಸ್ತಾರೆ."

"ಅಲ್ಲಿಗೆ ನೋಡಿ. ನಡೆಯೋದು ಎಷ್ಟು ಕಷ್ಟ ಅಂತ ಆನೆಗೂ ಗೊತ್ತಾಗಿದೆ."

ಅಕ್ಕ ನನ್ನ ಒಡಹುಟ್ಟಿದವರಲ್ಲ. ಗೋಡೆಯ ಸಂಬಂಧ ಅಷ್ಟೆ. ಅವರ ಯಜಮಾನರು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ಅವರ ಜೊತೆ ಕ್ವಾರ್ಟರ್ಸಿನಿಂದ ಕ್ವಾರ್ಟರ್ಸಿಗೆ ಪಾತ್ರೆ ಪಡಗ ಸಾಗಿಸುತ್ತ ಅಲೆದ ಅಕ್ಕನಿಗೆ ಎಸ್ಟಿಮೇಟು, ಟೆಂಡರು, ಎಂ.ಬಿ. ಎನ್ನುವ ಅಳತೆ ಪುಸ್ತಕ, ಮಾರ್ಚ್ ಕೊನೆಯ ಧಾವಂತ ಎಲ್ಲವೂ ಬಾಯಿಪಾಠ. ಸಾಹೇಬರು ನಿವೃತ್ತರಾದರು, ಅಕ್ಕ ಆಗಲಿಲ್ಲ. ಹಾಲಿನವನ ಲೆಕ್ಕ ಚುಕ್ತಾ ಮಾಡುವುದಕ್ಕೂ ಅವರು 'ಫೈನಲ್ ಬಿಲ್' ಎಂದೇ ಹೇಳುವುದು. ಸಾಹೇಬರು ಜಗಲಿಯ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿರುತ್ತಾರೆ, ಎದ್ದು ಬರುವುದಿಲ್ಲ. ಆದರೆ ನಮ್ಮ ಮಾತಿನಲ್ಲಿ ತಾಂತ್ರಿಕ ದೋಷ ಕಂಡ ಕೂಡಲೇ ಪೇಪರಿನ ಹಿಂದಿನಿಂದ ತಿದ್ದುಪಡಿ ಬರುತ್ತದೆ.

"ಅದಿರಲಿ, ಇವತ್ತು ಆನೆ ಯಾಕೆ ನೆನಪಾಯ್ತು?"

"ನಮ್ಮ ಬೀದಿ ಫುಟ್‌ಪಾತಿಗೆ ದುಡ್ಡು ಬಂದಿದೆಯಂತೆ ಕಣ್ರೀ. ಇರೋ ಕಲ್ಲೆಲ್ಲ ಕಿತ್ತು ಇಂಟರ್‌ಲಾಕ್ ಟೈಲ್ಸ್ ಹಾಕ್ತಾರಂತೆ. ಬೆಳಿಗ್ಗೆ ಟೇಪು ಹಿಡ್ಕೊಂಡು ಇಬ್ಬರು ಬಂದಿದ್ರು."

ಸಂತೋಷಪಡಬೇಕಾದ ಸುದ್ದಿ. ಆದರೆ ನಮ್ಮ ಬೀದಿಯ ಫುಟ್‌ಪಾತಿನ ಚರಿತ್ರೆ ಬಲ್ಲವರು ಅಷ್ಟು ಬೇಗ ಸಂತೋಷಪಡುವುದಿಲ್ಲ. ಕಲ್ಲು ಹಾಸಿದ ಮೇಲೆ ನೀರಿನ ಪೈಪಿಗೆ ಅಂತ ಯಾರೋ ಅಗೆದರು, ಕೇಬಲ್ಲಿಗೆ ಅಂತ ಇನ್ಯಾರೋ ಅಗೆದರು. ಮುಚ್ಚಿದವರು ಮಾತ್ರ ಒಬ್ಬರೂ ಇಲ್ಲ. ಒಂದು ಕಲ್ಲು ತಲೆ ಎತ್ತಿದೆ, ಪಕ್ಕದ್ದು ತಲೆ ತಗ್ಗಿಸಿದೆ, ಮೂರನೆಯದು ಮಳೆಗಾಲದಲ್ಲಿ ಕಾಲಿಟ್ಟರೆ ಸೀರೆಗೆ ಪಿಚಕಾರಿ ಹೊಡೆಯುತ್ತದೆ.

"ದುಡ್ಡು ಬಂದರೆ ಒಳ್ಳೇದೇ ಅಲ್ವಾ ಅಕ್ಕ?"

"ಯಾವ ಡಬ್ಬಿಯಿಂದ ಬಂತು ಅಂತ ಕೇಳಿ ಮೊದಲು" ಅಂದರು ಅಕ್ಕ.

ಈ ಡಬ್ಬಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಆ ಸಂಜೆಯ ಮಾತೆಲ್ಲ ಅದರ ಸುತ್ತಲೇ ಸುತ್ತಿತು. ಹಿಂದೆ ಹೆಂಗಸರು ಸಾಸಿವೆ ಡಬ್ಬಿಯಲ್ಲಿ ಒಂದಿಷ್ಟು, ಮೆಂತ್ಯದ ಡಬ್ಬಿಯಲ್ಲಿ ಒಂದಿಷ್ಟು ಅಂತ ದುಡ್ಡು ಎತ್ತಿಡುತ್ತಿದ್ದರಲ್ಲ, ಹಬ್ಬದ ದುಡ್ಡನ್ನು ಔಷಧಿಗೆ ಮುಟ್ಟುತ್ತಿರಲಿಲ್ಲವಲ್ಲ, ಸರ್ಕಾರದ ದುಡ್ಡೂ ಹಾಗೇ ಎನ್ನುವುದು ಅಕ್ಕನ ಸಿದ್ಧಾಂತ. ಕಚೇರಿಯ ಭಾಷೆಯಲ್ಲಿ ಅದಕ್ಕೆ ಲೆಕ್ಕಶೀರ್ಷಿಕೆ ಅನ್ನುತ್ತಾರೆ. ದುಡ್ಡು ಯಾವ ಶೀರ್ಷಿಕೆಯಲ್ಲಿ ಬಂತೋ ಆ ಕೆಲಸಕ್ಕೇ ಹೋಗಬೇಕು. ಡಬ್ಬಿ ಇಲ್ಲದ ಕೆಲಸ ಎಷ್ಟೇ ದೊಡ್ಡದಾಗಿರಲಿ, ಇನ್ನೊಬ್ಬರ ಡಬ್ಬಿಯಲ್ಲಿ ಉಳಿದದ್ದಕ್ಕೆ ಕಾಯಬೇಕು.

ಅಕ್ಕ ಒಳಗೆ ಹೋಗಿ ಆಸ್ತಿ ತೆರಿಗೆಯ ಕಾಗದ ತಂದು ಗೋಡೆಯ ಮೇಲೆ ಹರಡಿದರು.

"ಓದಿ, ನಿಮ್ಮ ಕನ್ನಡಕ ಚೆನ್ನಾಗಿದೆ."

ಓದಿದೆ. ತೆರಿಗೆಯ ಮೇಲೆ ಆರೋಗ್ಯ ಉಪಕರ ನೂರಕ್ಕೆ 15, ಗ್ರಂಥಾಲಯ ಉಪಕರ 6, ಭಿಕ್ಷುಕರ ಉಪಕರ 3, ನಗರ ಸಾರಿಗೆ ಉಪಕರ 2.

"ಓದೋರಿಗೆ ಒಂದು ಡಬ್ಬಿ, ಬೇಡೋರಿಗೆ ಒಂದು ಡಬ್ಬಿ. ನಡೆಯೋರಿಗೆ?"

"ಸಾರಿಗೆ 2 ಇದೆಯಲ್ಲಕ್ಕಾ, ಅದರಲ್ಲಿ ನಾವೂ ಬರ್ತೀವಿ."

"ಬರ್ತೀವಿ, ಕೊನೇಲಿ. ಬಸ್ಸು, ಸಿಗ್ನಲ್ಲು, ಪಾರ್ಕಿಂಗು, ಸರ್ವೆ, ವರದಿ ಎಲ್ಲರೂ ಕೈ ಹಾಕಿದ ಮೇಲೆ ನಡೆಯೋರ ಕೈಗೆ ಡಬ್ಬಿಯ ತಳ ಸಿಗುತ್ತೆ."

"ಫುಟ್‌ಪಾತ್ ಹಾಗಾದರೆ ಇಷ್ಟು ದಿನ ಯಾವ ಡಬ್ಬೀಲಿ ಆಗ್ತಿತ್ತು?"

ಉತ್ತರ ಪೇಪರಿನ ಹಿಂದಿನಿಂದ ಬಂತು. "ಚರಂಡಿ. ಮಳೆನೀರು ಚರಂಡಿ ಕಟ್ಟಿ ಅದರ ಮೇಲೆ ಚಪ್ಪಡಿ ಹಾಸ್ತೀವಿ. ಅದೇ ಫುಟ್‌ಪಾತ್."

ಇಷ್ಟು ವರ್ಷ ನಡೆದಿದ್ದೇನೆ, ಹೀಗೆ ಯೋಚಿಸಿರಲಿಲ್ಲ. ನಮ್ಮ ಊರುಗಳಲ್ಲಿ ಫುಟ್‌ಪಾತ್ ಎನ್ನುವುದು ನಡೆಯುವವರಿಗಾಗಿ ಹುಟ್ಟಿದ್ದಲ್ಲ, ಚರಂಡಿಯ ಮುಚ್ಚಳವಾಗಿ ಹುಟ್ಟಿದ್ದು. ಮುಚ್ಚಳ ಎಂದ ಮೇಲೆ ತೆಗೆಯಲೇಬೇಕು. ಹೂಳು ಎತ್ತಲು ಬಂದವರು ಹಾರೆ ಹಾಕಿ ಎಬ್ಬಿಸುತ್ತಾರೆ, ಹೂಳನ್ನು ಪಕ್ಕದ ಚಪ್ಪಡಿಯ ಮೇಲೆಯೇ ಗುಡ್ಡೆ ಹಾಕುತ್ತಾರೆ, ಚಪ್ಪಡಿಯನ್ನು ಮತ್ತೆ ಎಲ್ಲಿ ಹೇಗೆ ಇಟ್ಟರೂ ನೀರು ಹರಿಯುವುದಕ್ಕೆ ಅಡ್ಡಿಯಿಲ್ಲ. ಅವರ ಕೆಲಸ ನೀರು ಹರಿಯುವುದರೊಂದಿಗೆ ಮುಗಿಯಿತು. ಮೇಲೆ ನಾನು ನಡೆಯುವುದು ಯಾರ ಎಸ್ಟಿಮೇಟಿನಲ್ಲೂ ಇಲ್ಲ.

"ನಿಯಮ ಇದೆ" ಎಂದರು ಸಾಹೇಬರು, ಇಲಾಖೆಯ ಮಾನಕ್ಕೆ ಕುಂದು ಬಾರದಂತೆ. "ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐ.ಆರ್.ಸಿ. 103. ಅಡೆತಡೆ ಇಲ್ಲದೆ ಕನಿಷ್ಠ 1.8 ಮೀಟರ್ ಅಗಲ, ಎರಡು ಗಾಲಿಕುರ್ಚಿ ಎದುರುಬದುರಾದರೂ ಹಾದುಹೋಗಬೇಕು. ಎತ್ತರ 150 ಮಿಲಿಮೀಟರ್ ಮೀರಕೂಡದು, ಅಂದರೆ ಅರ್ಧ ಅಡಿ."

"ನಮ್ಮ ಮನೆ ಮುಂದೆ ಎಷ್ಟಿದೆ?" ಅಂತ ಅಕ್ಕ ಕೇಳಿದರು.

ಪೇಪರ್ ಸದ್ದು ಮಾಡಿತು, ಉತ್ತರ ಬರಲಿಲ್ಲ. ಸಾಹೇಬರ ಮನೆ ಮುಂದೆ ಕಾರು ಒಳಗೆ ಬರಲು ಒಂದು ಸಿಮೆಂಟಿನ ರ‍್ಯಾಂಪ್ ಇದೆ. ಗೇಟಿನಿಂದ ಇಳಿದು, ಫುಟ್‌ಪಾತನ್ನು ಪೂರ್ತಿ ನುಂಗಿ, ರಸ್ತೆಗೂ ಒಂದಡಿ ನಾಲಿಗೆ ಚಾಚಿದೆ. ನಡೆಯುವವರು ಅಲ್ಲಿ ಬೆಟ್ಟ ಹತ್ತಿ ಇಳಿದಂತೆ ಹತ್ತಿ ಇಳಿಯಬೇಕು, ಇಲ್ಲವೇ ರಸ್ತೆಗೆ ಇಳಿಯಬೇಕು. ಬೀದಿಯ ಎಲ್ಲ ಮನೆಗೂ ಇಂಥ ನಾಲಿಗೆ ಉಂಟು. ಸಾಹೇಬರದ್ದು ಎಂಜಿನಿಯರ್ ಕಟ್ಟಿಸಿದ್ದಾದ್ದರಿಂದ ಗಟ್ಟಿ ಜಾಸ್ತಿ.

ಅಷ್ಟರಲ್ಲಿ ನಮ್ಮ ಮಹಡಿಯಲ್ಲಿ ಬಾಡಿಗೆಗೆ ಇರುವ ಕಾಲೇಜು ಹುಡುಗಿ ಸೈಕಲ್ ತಳ್ಳಿಕೊಂಡು ಬಂದಳು. ಅವಳನ್ನು ಕಂಡು ಮಾತು ಟ್ರಿಣ್ ಟ್ರಿಣ್ ಕಡೆ ತಿರುಗಿತು. 2017ರ ಜೂನ್‌ನಲ್ಲಿ ಮೈಸೂರಿಗೆ ಆ ಹೆಸರಿನ ಬಾಡಿಗೆ ಸೈಕಲ್ ಬಂದಾಗಿನ ಸಂಭ್ರಮ ನಿಮಗೂ ನೆನಪಿರಬಹುದು. 450 ಸೈಕಲ್, 48 ನಿಲ್ದಾಣ. ಕಾರ್ಡ್ ಮುಟ್ಟಿಸಿದರೆ ಬೀಗ ಬಿಚ್ಚಿಕೊಳ್ಳುತ್ತಿತ್ತು. ಅರಮನೆ ಹತ್ತಿರ ತೆಗೆದುಕೊಂಡು ಇನ್ನೊಂದು ಬಡಾವಣೆಯಲ್ಲಿ ಬಿಟ್ಟು ಹೋಗಬಹುದಿತ್ತು. ಸುಮಾರು 20 ಕೋಟಿಯ ಯೋಜನೆ. ಜಾಗತಿಕ ಪರಿಸರ ನಿಧಿ ಮತ್ತು ವಿಶ್ವಬ್ಯಾಂಕಿನ ನೆರವಿನ ನಗರ ಸಾರಿಗೆ ಕಾರ್ಯಕ್ರಮದ ಅಡಿಯಲ್ಲಿ ಅದು ರೂಪುಗೊಂಡಿತು.

"ನೋಡಿದ್ರಾ" ಅಂದರು ಅಕ್ಕ, "ಮೈಸೂರಿನ ಸೈಕಲ್ಲಿಗೆ ದುಡ್ಡು ಸಿಕ್ಕಿದ್ದು ವಾಷಿಂಗ್ಟನ್ನಿನ ಡಬ್ಬೀಲಿ. ಭೂಮಿ ಬಿಸಿಯಾಗೋದನ್ನ ತಡೆಯೋ ಡಬ್ಬಿ. ಕೊಟ್ಟವರನ್ನ ನಾನು ದೂರಲ್ಲ. ಆದರೆ ಅಂಥ ದುಡ್ಡು ನಿಲ್ದಾಣ ಕಟ್ಟೋಕೆ, ಸೈಕಲ್ ಕೊಳ್ಳೋಕೆ ಬರುತ್ತೆ. ಯೋಜನೆಯ ಅವಧಿ ಮುಗಿದ ಮೇಲೆ ದಿನಾ ಬೆಳಿಗ್ಗೆ ಟೈರಿಗೆ ಗಾಳಿ ಹೊಡೆಯೋನ ಸಂಬಳ ಯಾವ ಡಬ್ಬಿಯಿಂದ?"

ಹುಡುಗಿ ತನ್ನ ಸೈಕಲ್ಲಿನ ಚೈನು ಸರಿಮಾಡುತ್ತ ನಕ್ಕಳು. "ಆಂಟೀ, ಚೈನಿಗೆ ಎಣ್ಣೆ ಬಿಡೋದಕ್ಕೆ ಯಾರು ತಾನೆ ಉದ್ಘಾಟನೆ ಇಟ್ಕೊಳ್ತಾರೆ?"

ಸೈಕಲ್ಲಿನ ಮಾತು ಬಂದ ಮೇಲೆ ನಾನು ಸುಮ್ಮನಿರಲು ಸಾಧ್ಯವೇ? ಹಳ್ಳಿ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು ನಾನು. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತ ಸೈಕಲ್ ಕೊಡಲು ಶುರುಮಾಡಿತಲ್ಲ, ಆ ಸೈಕಲ್ಲುಗಳು ಬಿಡಿಬಿಡಿಯಾಗಿ ಲಾರಿಯಲ್ಲಿ ಬಂದು ಶಾಲೆಯ ಅಂಗಳದಲ್ಲೇ ಜೋಡಣೆಯಾಗುತ್ತಿದ್ದವು. ಎಲ್ಲಿ ನೋಡಿದರೂ ರಿಮ್ಮು, ಕಡ್ಡಿ, ಸೀಟು. ಆ ವಾರ ಪಾಠಕ್ಕೆ ಕೂತ ಮಕ್ಕಳ ಕಣ್ಣೆಲ್ಲ ಕಿಟಕಿಯ ಕಡೆಗೇ. ನಾಲ್ಕೈದು ಮೈಲಿ ನಡೆಯಲಾರದೆ ಏಳನೇ ತರಗತಿಗೇ ಶಾಲೆ ಬಿಡುತ್ತಿದ್ದ ಹುಡುಗಿಯರು ಗುಂಪು ಕಟ್ಟಿಕೊಂಡು ಬೆಲ್ ಹೊಡೆಯುತ್ತ ಬರತೊಡಗಿದರು. ಕೆಲವು ಮನೆಗಳಲ್ಲಿ ಬೆಳಿಗ್ಗೆ ಅಪ್ಪ ಅದೇ ಸೈಕಲ್ಲಿನಲ್ಲಿ ಡೈರಿಗೆ ಹಾಲು ಹಾಕಿ ಬಂದ ಮೇಲೆಯೇ ಮಗಳಿಗೆ ಸಿಗುತ್ತಿದ್ದದ್ದು. ಪ್ರಾರ್ಥನೆಗೆ ತಡವಾಗಿ ಬಂದವಳನ್ನು ಯಾಕಮ್ಮ ಅಂದರೆ, "ಹಸು ತಡ ಮಾಡ್ತು ಮಿಸ್" ಅನ್ನುತ್ತಿದ್ದಳು.

"ಅದು ಯಾರ ಡಬ್ಬಿ?" ಅಂತ ಅಕ್ಕನ ಪ್ರಶ್ನೆ.

"ಶಿಕ್ಷಣ ಇಲಾಖೆಯದು."

"ಲೆಕ್ಕ ಹಾಕಿ. ವರ್ಷಕ್ಕೆ ಲಕ್ಷಗಟ್ಟಲೆ ಮಕ್ಕಳು. ಈ ರಾಜ್ಯದಲ್ಲಿ ಸೈಕಲ್ಲಿಗೆ ಅಂತ ದೊಡ್ಡ ದುಡ್ಡು ಖರ್ಚು ಮಾಡಿದ್ದು ರಸ್ತೆಯವರಲ್ಲ, ಸಾರಿಗೆಯವರೂ ಅಲ್ಲ, ಸ್ಕೂಲಿನವರು! ಆಮೇಲೆ?"

"ಕೋವಿಡ್ ಹೊತ್ತಿಗೆ ನಿಂತುಹೋಯ್ತು."

"ಕೊಟ್ಟಾಗಲಾದ್ರೂ ಸೈಕಲ್ ಓಡಿಸೋಕೆ ದಾರಿ ಮಾಡಿದ್ರಾ?"

ಮಾಡಿರಲಿಲ್ಲ. ಮಕ್ಕಳು ಹೆದ್ದಾರಿಯ ಅಂಚಿನ ಮಣ್ಣಿನಲ್ಲಿ ಒಬ್ಬರ ಹಿಂದೊಬ್ಬರು ಬರುತ್ತಿದ್ದರು, ಕಬ್ಬಿನ ಲಾರಿ ಬಂದರೆ ಇಳಿದು ನಿಲ್ಲುತ್ತಿದ್ದರು. ಸೈಕಲ್ ಶಿಕ್ಷಣ ಇಲಾಖೆಯದು, ರಸ್ತೆ ಲೋಕೋಪಯೋಗಿಯದು. ಎರಡು ಡಬ್ಬಿಗಳೂ ಒಂದೇ ಅಲಮಾರಿಯಲ್ಲಿದ್ದರೂ ಒಂದರ ಮುಖ ಇನ್ನೊಂದು ನೋಡಿದ್ದಿಲ್ಲ.

ಅಕ್ಕನ ಮಗ ಬೆಂಗಳೂರಿನಲ್ಲಿರುವುದರಿಂದ ಅಲ್ಲಿಯ ಸುದ್ದಿಯೂ ಗೋಡೆಯ ಮೇಲೆ ಬಂದೇ ಬರುತ್ತದೆ. ವಿಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ ಮುಂತಾದ ಕಡೆ ಟೆಂಡರ್ ಶ್ಯೂರ್ ಎಂದು ಕೋಟಿಗಟ್ಟಲೆ ಹಾಕಿ ಅಗಲದ ಫುಟ್‌ಪಾತ್ ಮಾಡಿದ್ದನ್ನು ಸಾಹೇಬರು ಕೂಡ ಮೆಚ್ಚುತ್ತಾರೆ. "ಪೈಪು, ಕೇಬಲ್ಲು ಎಲ್ಲದಕ್ಕೂ ಕೆಳಗೇ ಜಾಗ ಬಿಟ್ಟಿದ್ದಾರೆ. ಮತ್ತೆ ಅಗೆಯೋ ಹಾಗಿಲ್ಲ. ಅದು ಎಂಜಿನಿಯರಿಂಗ್" ಎನ್ನುತ್ತಾರೆ. ಆದರೆ ಅಷ್ಟು ದುಡ್ಡಿನಲ್ಲಿ ಊರಿನ ಎಲ್ಲ ರಸ್ತೆಯನ್ನೂ ಮಾಡಲಿಕ್ಕಾಗುವುದಿಲ್ಲ; ಮಾಡಿದ ರಸ್ತೆ ನೋಡಿಕೊಂಡು ಬರಲು ಮಾಡದ ರಸ್ತೆಯಲ್ಲೇ ನಡೆದು ಹೋಗಬೇಕು. ಜಯನಗರದಲ್ಲಿ ಸೈಕಲ್ಲಿಗೆಂದು ಬಿಟ್ಟ ಪಟ್ಟಿಯ ಮೇಲೆ ಕಾರುಗಳು ನಿಂತವು. ಹೊರ ವರ್ತುಲ ರಸ್ತೆಯಲ್ಲಿ 2020ರಲ್ಲಿ ಗೂಟ ನೆಟ್ಟು ಮಾಡಿದ ಸೈಕಲ್ ಪಥದ ಗೂಟಗಳು ಒಂದೊಂದಾಗಿ ಮುರಿದವು. ಅದೇ ವರ್ಷ ನವೆಂಬರ್‌ನಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟಿನಲ್ಲಿ ಶನಿವಾರ ಭಾನುವಾರ ವಾಹನ ನಿಲ್ಲಿಸಿದಾಗ ಜನ ಜಾತ್ರೆಯ ಹಾಗೆ ಬಂದರು. ಅದಕ್ಕೆ ಹೊಸ ಕಲ್ಲೂ ಬೇಕಾಗಿರಲಿಲ್ಲ, ಬ್ಯಾರಿಕೇಡ್ ಸಾಕಾಯಿತು. ಸೈಕಲ್ಲಿಗಾಗಿ ಕೇಂದ್ರ ಸರ್ಕಾರ ನಡೆಸಿದ ಸ್ಪರ್ಧೆಯಲ್ಲಿ 2021ರಲ್ಲಿ ಗೆದ್ದ 11 ಊರುಗಳಲ್ಲಿ ಬೆಂಗಳೂರೂ ಒಂದು, ಬಹುಮಾನ 1 ಕೋಟಿ.

"ಬೆಂಗಳೂರಿಗೆ ಒಂದು ಕೋಟಿ! ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ" ಅಂದರು ಅಕ್ಕ.

"ಅಲ್ಲಕ್ಕಾ, ಜಾಸ್ತಿ ಕೊಟ್ಟರೆ ಟೈಲ್ಸ್ ಅಂತೀರಿ, ಕಡಿಮೆ ಕೊಟ್ಟರೆ ಮಜ್ಜಿಗೆ ಅಂತೀರಿ. ಏನು ಮಾಡಬೇಕು ಅಂತೀರಿ ಹಾಗಾದ್ರೆ?"

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ತವರಿನ ಮಾತೆತ್ತಿದರು. ಅವರ ತವರು ತೀರ್ಥಹಳ್ಳಿ ಕಡೆ. ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳ. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು. ಮಳೆಗಾಲದಲ್ಲಿ ಅದರ ಸದ್ದು ಮನೆಗೇ ಕೇಳಿಸುತ್ತದೆ. ಮುಂಗಾರು ಹಿಡಿಯುವ ಮೊದಲು ಆಚೆ ಈಚೆ ಮನೆಯವರು ಸೇರಿ ಅಡಿಕೆ ಮರ ಕಡಿದು ಜೋಡಿಸಿ, ಬಳ್ಳಿ ಬಿಗಿದು, ಹಿಡಿದುಕೊಳ್ಳಲು ಬಿದಿರು ಕಟ್ಟಿ ಸಂಕ ಹಾಕುತ್ತಿದ್ದರು.

"ಒಂದು ವರ್ಷಕ್ಕೆ ಸರಿಯಾಗಿ ಬಾಳಿಕೆ. ಮುಂದಿನ ವರ್ಷ ಮತ್ತೆ. ನಮ್ಮಪ್ಪ ಮರ ಕೊಟ್ಟರೆ ಆಚೆ ಮನೆಯವರು ಆಳು. ಎಸ್ಟಿಮೇಟೂ ಇಲ್ಲ, ಟೆಂಡರೂ ಇಲ್ಲ. ಆದ್ರೆ ವರ್ಷಾ ವರ್ಷಾ ಆ ಕೆಲಸ ಇದೆ ಅಂತ ಎಲ್ಲರಿಗೂ ಗೊತ್ತಿತ್ತು. ಜೂನ್ ತಿಂಗಳಿಗೆ ಸಂಕ ಆಗಿಲ್ಲ ಅಂದ್ರೆ ಊರೇ ಕೇಳ್ತಿತ್ತು."

"ಜಾರೋದಿಲ್ವಾ ಅಕ್ಕ?"

"ಜಾರದೆ ಏನು? ಪಾಚಿ ಕಟ್ಟಿದ ಅಡಿಕೆ ಮರ. ಚಿಕ್ಕವರು ಕೂತ್ಕೊಂಡು ಸರೀತಾ ದಾಟ್ತಿದ್ವಿ, ಪಾಟಿ ಚೀಲ ಕುತ್ತಿಗೆಗೆ. ಹಾಗಂತ ಆ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳೋದಿಲ್ಲ. ಸಂಕದಿಂದ ಬಿದ್ದು ಹೋದ ಮಕ್ಕಳ ಸುದ್ದಿ ಕರಾವಳಿ ಮಲೆನಾಡಲ್ಲಿ ಇವತ್ತಿಗೂ ಬರುತ್ತೆ."

ಅದು ನಿಜ. ಅದಕ್ಕಾಗಿಯೇ ಸರ್ಕಾರ 'ಶಾಲಾ ಸಂಪರ್ಕ ಸೇತು' ಎಂದು ಒಂದು ಯೋಜನೆ ಮಾಡಿತು, ಉದ್ಯೋಗ ಖಾತ್ರಿಯ ದುಡ್ಡಿನಲ್ಲೂ ಕಾಲುಸಂಕಗಳು ಆದವು. ಸುಳ್ಯದ ಗಿರೀಶ್ ಭಾರದ್ವಾಜರ ತೂಗುಸೇತುವೆಗಳ ಕಥೆಯಂತೂ ಎಲ್ಲರಿಗೂ ಗೊತ್ತು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಕಾರು ಹೋಗದ, ಬಸ್ಸು ಹೋಗದ, ಮನುಷ್ಯರು ಮಾತ್ರ ದಾಟುವ ಸೇತುವೆ. ಅದೇ ದುಡ್ಡಿಗೆ ವಾಹನದ ಸೇತುವೆ ಕೇಳಿದ್ದರೆ ಒಂದು ಕಂಬವೂ ಏಳುತ್ತಿರಲಿಲ್ಲ. ನಡೆಯುವವರಿಗೆ ಮಾತ್ರ ಅಂತ ಒಪ್ಪಿಕೊಂಡಿದ್ದರಿಂದ ದ್ವೀಪದ ಹಾಗಿದ್ದ ಊರುಗಳಿಗೆ ದಾರಿಯಾಯಿತು.

"ಉದ್ಯೋಗ ಖಾತ್ರೀಲಿ ಒಂದು ವಿಶೇಷ ಇದೆ" ಎಂದು ಸಾಹೇಬರು ಪೇಪರ್ ಮಡಿಸಿದರು. ಅವರು ಪೇಪರ್ ಮಡಿಸಿದರೆ ವಿಷಯ ಗಂಭೀರ. "ಅಲ್ಲಿ ಖರ್ಚಿನ ಶೇಕಡಾ 60 ಕೂಲಿಗೇ ಹೋಗಬೇಕು, 40 ಮಾತ್ರ ಸಾಮಗ್ರಿಗೆ. ಜನರ ಕೈ ಕೇಳೋ ದುಡ್ಡು ಅದು. ಊರೊಳಗೆ ಬರೋ ಅನುದಾನ ತದ್ವಿರುದ್ಧ, ಅದಕ್ಕೆ ಸಾಮಗ್ರಿಯೇ ಬೇಕು. ಕಲ್ಲು ಹಾಕಿದರೆ ಅದು ಬಂಡವಾಳ ವೆಚ್ಚ, ಕೇಳಿದ ಕೂಡಲೇ ಕೊಡ್ತಾರೆ. ಹಾಕಿದ ಕಲ್ಲು ನೋಡ್ಕೊಳ್ಳೋಕೆ ಒಬ್ಬ ಆಳನ್ನಿಟ್ಟರೆ ಅದು ರಾಜಸ್ವ ವೆಚ್ಚ, ಉಳಿತಾಯ ಮಾಡಿ ಅಂತಾರೆ."

"ಅಂದ್ರೆ ಹತ್ತು ವರ್ಷಕ್ಕೊಮ್ಮೆ ಲಕ್ಷಾಂತರ ಕೊಟ್ಟು ಹೊಸ ಫುಟ್‌ಪಾತ್ ಮಾಡಿಸ್ತಾರೆ, ವರ್ಷಕ್ಕೊಮ್ಮೆ ಸಾವಿರ ಕೊಟ್ಟು ಹಳೇದನ್ನ ಸರಿ ಮಾಡಿಸೋದಿಲ್ಲ?" ಎಂದೆ.

"ಕೈಯಲ್ಲಿ ಬೇಕಾದಷ್ಟು ದುಡ್ಡಿದ್ದರೂ ಸರಿ ಮಾಡಿಸೋಕಾಗೋದಿಲ್ಲ" ಎಂದರು ಅಕ್ಕ. "ಡಬ್ಬಿ ಬೇರೆ."

ಆಗ ನನಗೆ ಚಾಮುಂಡಿ ಬೆಟ್ಟ ನೆನಪಾಯಿತು. ನಮ್ಮ ಊರಿನ ಅತಿ ಹಳೆಯ ಕಾಲ್ದಾರಿ ಕಾಮಗಾರಿ ಅದೇ ಇರಬೇಕು. 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲು. ಕಲ್ಲು ಹಾಸಿದ ಖರ್ಚು ಅರಸರದ್ದು, ಸರಿ. ಆದರೆ ಮೂರೂವರೆ ಶತಮಾನ ಆ ದಾರಿ ಉಳಿದದ್ದು ಹೇಗೆ? ಯಾರಾದರೂ ಬೆಳಗಿನ ಹೊತ್ತು ಹತ್ತಿ ನೋಡಿ. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ ಹೋಗುತ್ತಾರೆ. ಬೆಟ್ಟಕ್ಕೆ ಈಗ ಕೇಂದ್ರದ ಪ್ರಸಾದ್ ಯೋಜನೆಯ ಕೋಟಿಗಳೂ ಬಂದಿವೆ. ಆದರೆ ಸಾವಿರ ಮೆಟ್ಟಿಲನ್ನೂ ಒಂದೊಂದಾಗಿ ಬಗ್ಗಿ ನೋಡುವವರು ಆ ಹೆಂಗಸರೇ. ಯಾವ ಮೆಟ್ಟಿಲು ಸಡಿಲ, ಯಾವುದು ಬಿರುಕು ಅನ್ನುವುದು ಅವರಿಗೆ ಗೊತ್ತಾಗದೆ ಇನ್ನು ಯಾರಿಗೆ ಗೊತ್ತಾದೀತು?

"ಹಾಗಾದ್ರೆ ನಮ್ಮ ಫುಟ್‌ಪಾತಿಗೂ ಕುಂಕುಮ ಹಚ್ಚಿಬಿಡೋಣ" ಎಂದು ಹುಡುಗಿ ಮಹಡಿಯಿಂದ ಕೂಗಿದಳು. ಅವಳು ಹೋಗಿರಲೇ ಇಲ್ಲ, ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ಸಾಹೇಬರು ನಗಲಿಲ್ಲ. "2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಡ್ಡಿ ಇಲ್ಲದ, ಅಂಗವಿಕಲರೂ ಬಳಸಬಹುದಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯಲ್ಲಿ ಬರೋ ಹಕ್ಕು. ಜೀವಿಸೋ ಹಕ್ಕಿನ ಭಾಗ. ಹುಡುಗಾಟವಲ್ಲ. 2022 ಒಂದೇ ವರ್ಷ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491. ಅದರಲ್ಲಿ ಸುಮಾರು 33 ಸಾವಿರ ಜನ ನಡೆದುಕೊಂಡು ಹೋಗ್ತಿದ್ದವರು. ಐದರಲ್ಲಿ ಒಬ್ಬರು."

ಗೋಡೆಯ ಎರಡೂ ಕಡೆ ಸ್ವಲ್ಪ ಹೊತ್ತು ಮಾತು ನಿಂತಿತು. ನಡೆದುಕೊಂಡು ಹೋಗುತ್ತಿದ್ದವರು ಅಂದರೆ ಹಾಲು ತರಲು ಹೋದವರು, ಬಸ್ಸಿನಿಂದ ಇಳಿದವರು, ಸಂಜೆ ಗಾಳಿ ಸೇವನೆಗೆ ಹೊರಟವರು. ಫುಟ್‌ಪಾತ್ ಸರಿಯಿಲ್ಲ ಅಂತ ನಾವೂ ದಿನಾ ರಸ್ತೆಗೆ ಇಳಿಯುವವರೇ.

"ಕೋರ್ಟು ಹಕ್ಕು ಕೊಟ್ಟಿತು" ಅಂದರು ಅಕ್ಕ ಮೆಲ್ಲಗೆ, "ಹಾರೆ ಕೊಡೋರು ಯಾರು?"

"ನಮ್ಮ ಕಾಲದಲ್ಲಿ ಗ್ಯಾಂಗ್ ಇತ್ತು" ಎಂದರು ಸಾಹೇಬರು.

ಇದು ಅಕ್ಕನಿಗೂ ಮರೆತುಹೋಗಿದ್ದ ವಿಷಯ. ಹಿಂದೆ ಲೋಕೋಪಯೋಗಿ ರಸ್ತೆಗಳಿಗೆ ಗ್ಯಾಂಗ್ ಕೆಲಸದವರು ಅಂತ ಇರುತ್ತಿದ್ದರು. ಇಷ್ಟು ಮೈಲಿ ರಸ್ತೆಗೆ ಇಷ್ಟು ಜನ. ಹಾರೆ, ಗುದ್ದಲಿ, ಬಾಣಲಿ. ಮಳೆ ಬಂದ ಮಾರನೆ ದಿನ ನೀರು ನಿಂತ ಕಡೆ ಕಾಲುವೆ ಬಿಡಿಸುವುದು, ಗುಂಡಿ ಸಣ್ಣದಿರುವಾಗಲೇ ಜಲ್ಲಿ ತುಂಬಿ ದಿಮ್ಮಸು ಹಾಕುವುದು, ರಸ್ತೆ ಬದಿಯ ಮರಕ್ಕೆ ಸುಣ್ಣ ಬಳಿಯುವುದು ಅವರ ಕೆಲಸ. ಗುಂಡಿ ಅವರಿಗೆ ಅಂಗೈಯಷ್ಟಿದ್ದಾಗಲೇ ಪರಿಚಯ. ಆಮೇಲಾಮೇಲೆ ಎಲ್ಲವೂ ಟೆಂಡರಿಗೆ ಹೋಯಿತು. ಟೆಂಡರ್ ಕರೆಯಬೇಕಾದರೆ ಕೆಲಸ ದೊಡ್ಡದಾಗಬೇಕು. ಆದ್ದರಿಂದ ಗುಂಡಿ ದೊಡ್ಡದಾಗುವವರೆಗೂ ಕಾಯುವುದು ಪದ್ಧತಿಯಾಯಿತು.

"ಫುಟ್‌ಪಾತಿಗೂ ಅಂಥವನೊಬ್ಬನಿದ್ದರೆ ಸಾಕು" ಸಾಹೇಬರು ಬೆರಳು ಮಡಿಸಿ ಲೆಕ್ಕ ಹಾಕಿದರು. "ನಾಲ್ಕೈದು ಬೀದಿಗೆ ಒಬ್ಬ ಗಾರೆಯವ, ಒಬ್ಬ ಸಹಾಯಕ. ಒಂದು ತಳ್ಳುಗಾಡಿ, ಹಾರೆ, ನಾಲ್ಕು ಚೀಲ ಸಿಮೆಂಟು, ಮರಳು. ತಿಂಗಳಿಗೆ ಒಮ್ಮೆ ಪ್ರತಿ ಬೀದಿಗೂ ಬರಬೇಕು. ಅಲ್ಲಾಡೋ ಚಪ್ಪಡಿ ಕೂರಿಸಬೇಕು, ಒಡೆದದ್ದು ಬದಲಾಯಿಸಬೇಕು. ಯಾರಾದರೂ ಅಗೆದರೆ ಅವತ್ತೇ ಮುಚ್ಚಿಸಿ ದುಡ್ಡು ಅಗೆದವರಿಂದ ವಸೂಲು. ಇವರ ವರ್ಷದ ಕೂಲಿ ಸಾಮಗ್ರಿ ಸೇರಿಸಿದರೂ, ಈಗ ಬಂದಿರೋ ಟೈಲ್ಸ್ ದುಡ್ಡಲ್ಲಿ ಎಷ್ಟೋ ವರ್ಷ ನಡೆಸಬಹುದು."

ಅವರು ಇಷ್ಟು ಉದ್ದ ಮಾತಾಡಿದ್ದನ್ನು ನಾನು ಕಂಡದ್ದೇ ಇಲ್ಲ.

"ಬೆಂಗಳೂರಲ್ಲಿ ಒಂದು ಸಲ ವಾರ್ಡ್ ಸಮಿತಿಗಳ ಒಪ್ಪಿಗೆ ಪಡೆದೇ ಖರ್ಚು ಮಾಡಬೇಕು ಅಂತ ಫುಟ್‌ಪಾತ್ ದುರಸ್ತಿಗೆ ಒಂದಿಷ್ಟು ಎತ್ತಿಟ್ಟಿದ್ರಲ್ಲ" ಎಂದೆ. "ಅದೇ ತರಹ ಇಲ್ಲೂ ಕೇಳಬಹುದು. ದುಡ್ಡು ಸಣ್ಣದಿರಲಿ, ಆದರೆ ಪ್ರತಿ ವರ್ಷ ಬರಲಿ, ಬೀದಿಯವರ ಕಣ್ಣೆದುರು ಖರ್ಚಾಗಲಿ."

ಅಕ್ಕನ ಕಣ್ಣು ಹೊಳೆಯಿತು. "ಬರ್ಕೊಳ್ಳಿ ಟೀಚರ್. ಅರ್ಜಿ ಹಾಕೋಣ. ನಿಮ್ಮ ಅಕ್ಷರ ಮುದ್ದಾಗಿದೆ."

ಮಹಡಿಯ ಹುಡುಗಿ ಪೆನ್ನು ಕಾಗದ ತಂದುಕೊಟ್ಟಳು. ಗೋಡೆಯೇ ಮೇಜಾಯಿತು. ಮಾನ್ಯರೇ ಎಂದು ಶುರುಮಾಡಿ, ಉಭಯ ಕುಶಲೋಪರಿಯನ್ನು ಬಿಟ್ಟು, ಅಕ್ಕ ಹೇಳಿದ್ದನ್ನು ನಾನು ಬರೆದೆ. ಒಂದನೆಯದಾಗಿ, ನಮ್ಮ ಬೀದಿಗೆ ಹೊಸ ಟೈಲ್ಸ್ ಬೇಡ, ಇರುವ ಚಪ್ಪಡಿಗಳನ್ನೇ ಎತ್ತಿ ಸಮ ಮಾಡಿ ಕೂರಿಸುವುದು. ಎರಡನೆಯದಾಗಿ, ಫುಟ್‌ಪಾತ್ ಮತ್ತು ಸೈಕಲ್ ದಾರಿಗಳ ನಿರ್ವಹಣೆಗೆ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆದು ಪ್ರತಿ ವರ್ಷದ ಬಜೆಟ್ಟಿನಲ್ಲಿ ಹಣ ಇಡುವುದು, ಆ ಹಣವನ್ನು ಚರಂಡಿಗಾಗಲಿ ಡಾಂಬರಿಗಾಗಲಿ ಮುಟ್ಟದಿರುವುದು. ಮೂರನೆಯದಾಗಿ, ಒಬ್ಬ ಗಾರೆಯವ, ಒಬ್ಬ ಸಹಾಯಕ. ಅವರ ಹೆಸರು, ಬರುವ ದಿನ, ಮೇಲಧಿಕಾರಿಯ ಫೋನ್ ನಂಬರು ಬೀದಿಯ ತುದಿಯಲ್ಲಿ ಬೋರ್ಡಿನ ಮೇಲೆ ಬರೆಯಿಸುವುದು.

"ಹುದ್ದೆ ಕೇಳಿದರೆ ಆರ್ಥಿಕ ಇಲಾಖೆ ಒಪ್ಪಲ್ಲ" ಎಂದರು ಸಾಹೇಬರು.

"ಕೇಳೋದು ನಮ್ಮ ಕೆಲಸ. ಒಪ್ಪದೇ ಇರೋದು ಅವರ ಕೆಲಸ. ಅವರ ಕೆಲಸಾನೂ ನಾವೇ ಯಾಕೆ ಮಾಡಬೇಕು?" ಎಂದ ಅಕ್ಕ ನನ್ನ ಕಡೆ ತಿರುಗಿದರು. "ನಾಲ್ಕನೇದು ಬರೀರಿ. ಮನೆ ಮುಂದೆ ಫುಟ್‌ಪಾತಿನ ಮೇಲೆ ಕಟ್ಟಿರೋ ರ‍್ಯಾಂಪುಗಳನ್ನ ಮನೆಯವರೇ ಸ್ವಂತ ಖರ್ಚಿನಲ್ಲಿ ಒಡೆದು, ನಿಯಮದ ಪ್ರಕಾರ 1.8 ಮೀಟರ್ ಬಿಟ್ಟುಕೊಡೋದು."

ಕುರ್ಚಿ ಕಿರ್ರೆಂದಿತು. ಸಾಹೇಬರು ಎದ್ದು ನಿಂತಿದ್ದರು. "ಸ್ವಲ್ಪ ತಡೀರಿ. ಕಾರು ಹೇಗೆ ಒಳಗೆ ಬರುತ್ತೆ?"

"ಗೇಟಿನ ಒಳಗಿಂದ ಇಳಿಜಾರು ಮಾಡಿಸಿ. ಎಂಜಿನಿಯರ್ ನೀವಾ ನಾನಾ?"

ಅರ್ಜಿ ಈಗ ಸಿದ್ಧವಾಗಿದೆ. ಟೈಲ್ಸ್ ಬೇಡ ಅನ್ನುವವರನ್ನು ಮೊದಲ ಸಲ ಕಂಡ ಬೀದಿಯವರು ಒಂದಷ್ಟು ವಾದ ಮಾಡಿದರೂ, ತಿಂಗಳು ತಿಂಗಳು ಕೆಲಸದವನು ಬರುತ್ತಾನೆ ಎಂದ ಕೂಡಲೇ ಮನೆಯ ಹೆಂಗಸರೆಲ್ಲ ಸಹಿ ಹಾಕಿದರು. ಗಂಡಸರು ನಾಲ್ಕನೆಯ ಕಲಮಿನ ಹತ್ತಿರ ಬಂದು ಸ್ವಲ್ಪ ಹೊತ್ತು ಪೆನ್ನು ಅಲ್ಲಾಡಿಸಿ, ಹಿಂದೆ ನಿಂತವರ ಮುಖ ನೋಡಿ, ಅವರೂ ಹಾಕಿದರು. ಎಂಜಿನಿಯರ್ ಸಾಹೇಬರ ಸಹಿ ಒಂದು ಬಾಕಿ. ಅವರಿಗೆ ತಾಂತ್ರಿಕ ಸ್ಪಷ್ಟೀಕರಣ ಬೇಕಂತೆ. ಕಡತ ಸದ್ಯಕ್ಕೆ ಅಕ್ಕನ ಪರಿಶೀಲನೆಯಲ್ಲಿದೆ.